ಪ್ರಶ್ನೋತ್ತರ: ಪ್ಯಾಡ್ ಬದಲಿಸುವಾಗ ಕ್ಯಾಲಿಪರ್ ಪಿಸ್ಟನ್ ಒಳಗೆ ಹೋಗದಿದ್ದರೆ

ಅಡ್ಮಿನ್: ಇವತ್ತು ಬ್ರೇಕ್ ಪ್ಯಾಡ್ ವಿಷಯ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವುದು ಪ್ಯಾಡ್, ಪ್ಯಾಡ್ ಕೂರುವ ಭಾಗ ಕ್ಯಾಲಿಪರ್, ಅದರೊಳಗಿಂದ ಪ್ಯಾಡನ್ನು ತಳ್ಳುವುದು ಪಿಸ್ಟನ್. ನಮ್ಮ ಮೆಕ್ಯಾನಿಕ್ ಅಣ್ಣ ಉತ್ತರ ಕೊಡುತ್ತಾರೆ.

ತುಮಕೂರು ಸದಸ್ಯ: ಹೊಸ ಪ್ಯಾಡ್ ದಪ್ಪ ಇದೆ, ಕ್ಯಾಲಿಪರ್ ಕೂರುತ್ತಿಲ್ಲ. ಪಿಸ್ಟನ್ ಹೇಗೆ ತಳ್ಳಬೇಕು? ವ್ಯಾಗನ್ ಆರ್, ಮುಂದಿನ ಚಕ್ರ.

ಮೆಕ್ಯಾನಿಕ್: ನಮಸ್ಕಾರ. ಹಳೆ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಇಟ್ಟು ಸಿ ಕ್ಲ್ಯಾಂಪ್‌ನಿಂದ ನಿಧಾನಕ್ಕೆ ಒತ್ತಿ. ಮೊದಲು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪಿಸ್ಟನ್ ಹಿಂದೆ ಹೋದಷ್ಟೂ ಆಯಿಲ್ ಅಲ್ಲಿ ಏರುತ್ತದೆ. ಉಕ್ಕಿ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಕ್ಯಾಲಿಪರನ್ನು ಹೋಸ್ (ಆಯಿಲ್ ಬರುವ ರಬ್ಬರ್ ಪೈಪ್) ಮೇಲೆ ನೇತುಬಿಡಬೇಡಿ, ತಂತಿಯಲ್ಲಿ ಕಟ್ಟಿ. ಎಲ್ಲ ಮುಗಿದ ಮೇಲೆ, ಗಾಡಿ ತೆಗೆಯುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ.

ಮೈಸೂರು ಸದಸ್ಯ: ಇದು ಇನ್ನೊಂದು ಗ್ರೂಪಿನಿಂದ ಬಂದದ್ದು: "ಪಿಸ್ಟನ್ ಸುತ್ತ ಇಂಜಿನ್ ಆಯಿಲ್ ಹಚ್ಚಿ, ಕೈಯಲ್ಲೇ ಒಳಗೆ ಹೋಗುತ್ತದೆ."

ಮೆಕ್ಯಾನಿಕ್: ಹಚ್ಚಬೇಡಿ. ಇಂಜಿನ್ ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ಯಾವುದು ತಾಗಿದರೂ ಒಳಗಿನ ರಬ್ಬರ್ ಸೀಲ್ ಉಬ್ಬುತ್ತದೆ. ಆಮೇಲೆ ಕ್ಯಾಲಿಪರೇ ಹೋಗುತ್ತದೆ.

ಉಡುಪಿ ಸದಸ್ಯ: ಪ್ಯಾಡ್ ಹಾಕಿಸಿ ಎರಡು ತಿಂಗಳು. ಅವತ್ತು ಎಡ ಪಿಸ್ಟನ್ ಕ್ಲ್ಯಾಂಪ್‌ಗೂ ಜಗ್ಗಲಿಲ್ಲ, ಸಣ್ಣ ಹಾರೆ ಹಾಕಿ ತಳ್ಳಿದರು. ಈಗ ಎಡ ಚಕ್ರ ಮುಟ್ಟಲಾಗದಷ್ಟು ಬಿಸಿ. ಭಾನುವಾರ ಆಗುಂಬೆ ಕಡೆ ಹೋಗಬೇಕು. ಪರವಾಗಿಲ್ವಾ?

ಮೆಕ್ಯಾನಿಕ್: ಹೋಗಬೇಡಿ. ನಿಮ್ಮ ಬ್ರೇಕ್ ಬಿಡುತ್ತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲ್ ದರ್ಜೆ) ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಸೇರಿದ್ದು 140ಕ್ಕೇ ಕುದಿಯಬಹುದು. ಘಾಟಿ ಇಳಿಯುವಾಗ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ.

ಈಗ ಪತ್ತೆ ಮಾಡೋಣ. ಮೊದಲು ಸ್ಲೈಡ್ ಪಿನ್ (ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್) ಕೈಯಲ್ಲಿ ಜಾರುತ್ತವಾ ನೋಡಿ. ಜಾರಿದರೆ ಕ್ಯಾಲಿಪರ್‌ನ ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ, ಅಂದರೆ ಬ್ಲೀಡರ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸಿ. ನಿಪ್ಪಲ್ ಸಡಿಲಿಸಿ ಕ್ಲ್ಯಾಂಪ್ ಒತ್ತಿ. ಆಗಲೂ ಜಗ್ಗದಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ. ಡಸ್ಟ್ ಬೂಟ್ (ಪಿಸ್ಟನ್ ಸುತ್ತಲಿನ ರಬ್ಬರ್ ಹೊದಿಕೆ) ಹರಿದಿದ್ದರೆ ಕರಾವಳಿಯ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ಸಲೀಸಾಗಿ ಹೋದರೆ ಪಿಸ್ಟನ್ ತಪ್ಪಲ್ಲ, ರಬ್ಬರ್ ಹೋಸ್ ಒಳಗೇ ಊದಿಕೊಂಡಿದೆ. ನೀವು ತುಳಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ಹೋಸ್ ಹೊಸದರಂತೆ ಕಾಣುತ್ತದೆ, ಅದನ್ನು ನಂಬಬೇಡಿ. ಕ್ಲ್ಯಾಂಪ್ ಬಿಡುವ ಮೊದಲು ನಿಪ್ಪಲ್ ಮುಚ್ಚಿ.

ದಾವಣಗೆರೆ ಸದಸ್ಯ: ಯಾವ ಕಾರಿಗೂ ನಿಪ್ಪಲ್ ಬಿಚ್ಚಿಯೇ ತಳ್ಳಬೇಕು. ಇಲ್ಲದಿದ್ದರೆ ಕೊಳೆ ಹಿಂದೆ ಹೋಗಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಹಾಳು.

ಟ್ಯಾಕ್ಸಿ ಸದಸ್ಯ: ಸುಮ್ನೆ ಹೆದರಿಸಬೇಡಿ. ಟ್ಯಾಕ್ಸಿಗೆ ಎಷ್ಟು ಸಲ ಪ್ಯಾಡ್ ಹಾಕಿದ್ದೇನೆ, ಒಮ್ಮೆಯೂ ನಿಪ್ಪಲ್ ಮುಟ್ಟಿಲ್ಲ.

ದಾವಣಗೆರೆ ಸದಸ್ಯ: ನಿಮ್ಮ ಗಾಡಿಗೆ ಎಬಿಎಸ್ ಇದೆಯಾ ಮೊದಲು ಹೇಳಿ.

ಟ್ಯಾಕ್ಸಿ ಸದಸ್ಯ: ಇದೆ. ನಿಮಗೆ ಗಾಳಿ ತೆಗೆಯಲು ಬರುತ್ತಾ?



ಮೆಕ್ಯಾನಿಕ್: ಇಬ್ಬರೂ ಸಾಕು. ನಾನು ನಿಪ್ಪಲ್ ಬಿಚ್ಚುತ್ತೇನೆ, ಹಳೆ ಆಯಿಲ್ ಹೊರಗೆ ಹೋಗಲಿ ಅಂತ. ಬ್ಲೀಡ್ ಮಾಡಲು (ಗಾಳಿ ತೆಗೆಯಲು) ಬಾರದವರು ಬಿಚ್ಚಬೇಡಿ.

ಬೆಳಗಾವಿ ಸದಸ್ಯ: ಹಿಂದೆಯೂ ಡಿಸ್ಕ್, ಕೇಬಲ್ ಹ್ಯಾಂಡ್‌ಬ್ರೇಕ್. ಕ್ಲ್ಯಾಂಪ್ ಹಾಕಿದರೂ ಪಿಸ್ಟನ್ ಹೋಗುತ್ತಿಲ್ಲ.

ಮೆಕ್ಯಾನಿಕ್: ಕ್ಲ್ಯಾಂಪ್ ತೆಗೆಯಿರಿ! ಪಿಸ್ಟನ್ ಮುಖದಲ್ಲಿ ಕಚ್ಚು ಇದ್ದರೆ ಪಿಸ್ಟನ್ ಒತ್ತುತ್ತಾ ತಿರುಗಿಸಬೇಕು. ಅದಕ್ಕೆ ಬೇರೆ ಟೂಲ್ ಬರುತ್ತದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದವರು ಸರ್ವಿಸ್ ಮೋಡ್‌ಗೆ ಹಾಕದೆ ಮುಟ್ಟಲೇಬೇಡಿ.

ಹುಬ್ಬಳ್ಳಿ ಸದಸ್ಯ: ಪಿಸ್ಟನ್ ಹೇಗೆ ತಳ್ಳುವುದು ಸರ್?

ಮೆಕ್ಯಾನಿಕ್: ಮೇಲೆ ಓದಿ.

ಹುಬ್ಬಳ್ಳಿ ಸದಸ್ಯ: ಓದಿದೆ. ಕ್ಲ್ಯಾಂಪ್ ಇಲ್ಲ, ಸ್ಕ್ರೂಡ್ರೈವರ್ ನಡೆಯುತ್ತಾ?

ಮೆಕ್ಯಾನಿಕ್: ಇಲ್ಲ. ಬೂಟ್ ಹರಿಯುತ್ತದೆ, ಡಿಸ್ಕ್‌ಗೆ ಗೀರು ಬೀಳುತ್ತದೆ. ಕ್ಲ್ಯಾಂಪ್ ತನ್ನಿ.

ಉಡುಪಿ ಸದಸ್ಯ: ನಿಪ್ಪಲ್ ಸಡಿಲಿಸಿದ ಕೂಡಲೇ ಒಳಗೆ ಹೋಯ್ತು!

ಮೆಕ್ಯಾನಿಕ್: ಹಾಗಾದರೆ ಹೋಸ್. ಎಡ, ಬಲ ಎರಡೂ ಬದಲಿಸಿ, ಡಬ್ಬಿ ಮುಚ್ಚಳದ ಡಾಟ್ ಸಂಖ್ಯೆ ನೋಡಿ ಬ್ರೇಕ್ ಆಯಿಲ್ ತನ್ನಿ. ಬ್ಲೀಡ್ ಮಾಡಿಸಿ. ಅಲ್ಲಿಯವರೆಗೆ ಕಾರು ಮನೆಯಲ್ಲೇ ಇರಲಿ.

ಟ್ಯಾಕ್ಸಿ ಸದಸ್ಯ: ಹೋಸ್ ಒಳಗೆ ಊದುತ್ತಾ? ನಾನಂತೂ ನೋಡಿಲ್ಲ.

ದಾವಣಗೆರೆ ಸದಸ್ಯ: ನಿಪ್ಪಲ್ ಮುಟ್ಟದವರಿಗೆ ಹೇಗೆ ಕಾಣುತ್ತದೆ ಸ್ವಾಮಿ?