ವಿಎಂ/370: ಸಿಎಂಎಸ್‌ನಿಂದ ಎಂವಿಎಸ್‌ಗೆ ಹೋಗಿ ಮರಳುವಾಗ ನಡೆಯುತ್ತಿದ್ದ ಕೆಲಸ ನಿಂತುಹೋಗುತ್ತಿದೆ

ಹೇಮಾವತಿ_ದಡ, ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮೇನ್‌ಫ್ರೇಮ್ ಕಲಿಯುವ ಆಸೆಯಿಂದ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಐಬಿಎಂ ಮೇನ್‌ಫ್ರೇಮನ್ನು ಅನುಕರಿಸುವ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿಕೊಂಡು, ಅದರ ಮೇಲೆ ಒಂದೇ ಗಣಕವನ್ನು ಹಲವು ಯಂತ್ರಗಳಂತೆ ಹಂಚಿಕೊಡುವ ವಿಎಂ/370 ನಡೆಸುತ್ತಿದ್ದೇನೆ. ಒಂದೇ ಯೂಸರ್ ಐಡಿಯಲ್ಲಿ ಸಿಎಂಎಸ್ (ಫೈಲ್ ತಿದ್ದಲು ಬಳಸುವ, ಒಬ್ಬರಿಗಾಗಿಯೇ ಇರುವ ಸಣ್ಣ ಆಪರೇಟಿಂಗ್ ಸಿಸ್ಟಂ) ಮತ್ತು ಎಂವಿಎಸ್ 3.8 (ಜಾಬ್‌ಗಳನ್ನು ಓಡಿಸುವ ದೊಡ್ಡ ಆಪರೇಟಿಂಗ್ ಸಿಸ್ಟಂ) ಎರಡನ್ನೂ ಏಳಿಸಲು ಬರುವಂತೆ, ಪ್ರತಿ ಐಡಿಯ ಯಂತ್ರದ ವಿವರವಿರುವ ಡೈರೆಕ್ಟರಿಯಲ್ಲಿ ಡಿಸ್ಕ್‌ಗಳನ್ನು ಬರೆದಿಟ್ಟಿದ್ದೇನೆ.

ನಿನ್ನೆ ರಾತ್ರಿ ಎಂವಿಎಸ್‌ನಲ್ಲಿ ಒಂದು ಕೋಬಾಲ್ ಜಾಬ್ ಓಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಜೆಸಿಎಲ್ (ಜಾಬ್ ಹೇಗೆ ಓಡಬೇಕೆಂದು ಹೇಳುವ ಫೈಲ್) ತಿದ್ದಬೇಕೆನಿಸಿ, ವಿಎಂ ಅನ್ನೇ ಕರೆಯುವ ಪಿಎ1 ಕೀಲಿ ಒತ್ತಿ ‘ಐಪಿಎಲ್ ಸಿಎಂಎಸ್’, ಅಂದರೆ ಸಿಎಂಎಸ್ ಬೂಟ್ ಮಾಡು ಎಂದು ಕೊಟ್ಟೆ. ಸಿಎಂಎಸ್ ಬಂದಿತು, ಎಂವಿಎಸ್ ಮಾತ್ರ ಮರಳಲಿಲ್ಲ. ಇನ್ನೊಂದು ದಿನ ಎಚ್ಚರದಿಂದ ‘ಡಿಸ್ಕನೆಕ್ಟ್’ ಮಾಡಿ, ಊಟ ಮುಗಿಸಿ ಬಂದು ಲಾಗಾನ್ ಆದರೆ, ಎಂವಿಎಸ್ ಏನು ಕೇಳಿದರೂ ಉತ್ತರಿಸದೆ ಕಲ್ಲಿನಂತೆ ಕುಳಿತಿತ್ತು. ಬೇರೆ ದಾರಿ ಕಾಣದೆ ಮತ್ತೆ ಐಪಿಎಲ್ ಮಾಡಿದೆ. ವಿಂಡೋಸ್‌ನಲ್ಲಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುವಂತೆ ಇಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳ ನಡುವೆ ಓಡಾಡುವ ವಿಧಾನ ಯಾವುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಮುಳ್ಳಯ್ಯನಗಿರಿ, ಚಿಕ್ಕಮಗಳೂರು:

ನಿವೃತ್ತನಾಗಿ ಊರಿಗೆ ಮರಳುವ ಮುನ್ನ ನಾನು ಬಹುಕಾಲ ವಿಎಂ ಸಿಸ್ಟಂಗಳನ್ನು ನೋಡಿಕೊಂಡವನು. ನಿಮ್ಮ ಎರಡೂ ತಪ್ಪುಗಳನ್ನು ನಾನೂ ಮಾಡಿದ್ದೇನೆ.

ಮೊದಲು ಎರಡನೆಯದನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಎಂವಿಎಸ್ ಸತ್ತಿರಲೇ ಇಲ್ಲ. ಡಿಸ್ಕನೆಕ್ಟ್ ಆಗಿದ್ದ ಯಂತ್ರಕ್ಕೆ ಮತ್ತೆ ಲಾಗಾನ್ ಆದಾಗ, ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಸಿಪಿ ರೀಡ್’ ಎಂದು ಕಾಣಿಸಿರಬೇಕು. ಅದರರ್ಥ, ನಿಮ್ಮ ಮಾತನ್ನು ಕೇಳುತ್ತಿರುವುದು ಎಂವಿಎಸ್ ಅಲ್ಲ, ಅದರ ಕೆಳಗಿರುವ ವಿಎಂನ ಕಂಟ್ರೋಲ್ ಪ್ರೋಗ್ರಾಂ, ಅಂದರೆ ಸಿಪಿ. ಅದು ನಿಮ್ಮ ಮೆಷಿನನ್ನು ತಡೆದು ನಿಲ್ಲಿಸಿಕೊಂಡು ನಿಮ್ಮ ಆಜ್ಞೆಗೆ ಕಾಯುತ್ತಿದೆ. ‘ಬಿಗಿನ್’ ಎಂದು ಒಂದೇ ಪದ ಕೊಟ್ಟಿದ್ದರೆ, ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತಿತ್ತು. ನೀವು ಐಪಿಎಲ್ ಕೊಟ್ಟು, ಮಲಗಿದ್ದವನನ್ನು ಸತ್ತನೆಂದು ತಿಳಿದು ಚಟ್ಟ ಕಟ್ಟಿದಿರಿ. ‘ಸೆಟ್ ರನ್ ಆನ್’ ಎಂದು ಮೊದಲೇ ಕೊಟ್ಟಿಟ್ಟರೆ, ಪಿಎ1 ಒತ್ತಿ ಸಿಪಿಗೆ ಇಳಿದಾಗಲೂ ಮೆಷಿನ್ ನಿಲ್ಲದೆ ಓಡುತ್ತಿರುತ್ತದೆ.

ಇನ್ನು ಮೊದಲನೆಯದು. ವಿಎಂ ಪ್ರತಿ ಯೂಸರ್ ಐಡಿಗೂ ಒಂದು ಇಡೀ ಯಂತ್ರವನ್ನು ಕೊಡುತ್ತದೆ: ಅದಕ್ಕೆ ತನ್ನದೇ ಮೆಮೊರಿ, ತೂತು ಕಾರ್ಡು ಓದುವ ಕಾರ್ಡ್ ರೀಡರ್, ಕಾರ್ಡಿಗೆ ತೂತು ಹಾಕುವ ಪಂಚ್, ಪ್ರಿಂಟರ್; ಎಲ್ಲವೂ ಸಾಫ್ಟ್‌ವೇರ್‌ನಲ್ಲಿ ಕಲ್ಪಿಸಿದ್ದು. ಆ ಯಂತ್ರದಲ್ಲಿ ಒಂದು ಸಮಯಕ್ಕೆ ಒಂದೇ ಆಪರೇಟಿಂಗ್ ಸಿಸ್ಟಂ ಇರಬಲ್ಲದು. ಐಪಿಎಲ್ ಎಂದರೆ ಯಂತ್ರವನ್ನು ರೀಸೆಟ್ ಮಾಡಿ ಹೊಸದನ್ನು ಏರಿಸುವುದೇ ಹೊರತು, ಇದ್ದದ್ದನ್ನು ಬದಿಗಿಡುವುದಲ್ಲ. ಹೀಗಾಗಿ ಎಂವಿಎಸ್‌ಗೆ ಬೇರೆ ಐಡಿ ಮಾಡಿ, ಸಿಎಂಎಸ್‌ಗೆ ನಿಮ್ಮ ಈಗಿನ ಐಡಿಯನ್ನು ಉಳಿಸಿಕೊಳ್ಳಿ. ಎಂವಿಎಸ್ ಐಡಿಯ ಡೈರೆಕ್ಟರಿಯಲ್ಲಿ ‘ಆಪ್ಷನ್ ಇಸಿಮೋಡ್’ ಇರಲೇಬೇಕು, ಏಕೆಂದರೆ ಎಂವಿಎಸ್ ವಿಳಾಸ ಅನುವಾದದ ಸೌಲಭ್ಯವಿಲ್ಲದೆ ಏಳುವುದಿಲ್ಲ. ಅದರ ಕನ್ಸೋಲ್‌ಗೆ ‘ಸ್ಪೆಷಲ್’ ಸಾಲಿನಲ್ಲಿ ಒಂದು 3270 ಟರ್ಮಿನಲ್ ಬರೆದು, ಇನ್ನೊಂದು ಟರ್ಮಿನಲ್ ಕಿಟಕಿ ತೆರೆದು, ಲಾಗಾನ್ ಬದಲು ‘ಡಯಲ್’ ಎಂದು ಆ ಐಡಿಯ ಹೆಸರು ಕೊಡಿ. ಆಗ ಆ ಕಿಟಕಿ ನೇರ ಎಂವಿಎಸ್‌ಗೆ ಸೇರುತ್ತದೆ. ಅಲ್ಲಿ ಒತ್ತಿದ ಪಿಎ1 ಸಿಪಿಗೆ ಹೋಗದೆ ಎಂವಿಎಸ್‌ಗೇ ಹೋಗುತ್ತದೆ ಎಂಬುದು ನೆನಪಿರಲಿ. ಇಷ್ಟಾದ ಮೇಲೆ ನೀವು ಕೇಳಿದ ಕಿಟಕಿ ಹಾರುವ ಕೆಲಸ ನಿಜಕ್ಕೂ ಕಿಟಕಿ ಹಾರುವುದೇ ಆಗುತ್ತದೆ.

ನಿಮ್ಮ ನಿಜವಾದ ಅಗತ್ಯ ಮಾತ್ರ ಬೇರೆ: ಸಿಎಂಎಸ್‌ನಲ್ಲಿ ತಿದ್ದಿದ ಜೆಸಿಎಲ್ ಎಂವಿಎಸ್‌ಗೆ ತಲುಪಬೇಕು. ಅದಕ್ಕೆ ಓಡಾಟವೇ ಬೇಡ. ಸಿಎಂಎಸ್‌ನಲ್ಲಿ ‘ಸ್ಪೂಲ್ ಪಂಚ್ ಟು’ ಎಂದು ಎಂವಿಎಸ್ ಐಡಿಯ ಹೆಸರು ಕೊಟ್ಟು, ನಂತರ ಫೈಲನ್ನು ‘ಪಂಚ್’ ಮಾಡಿ. ಇಲ್ಲದ ಕಾರ್ಡುಗಳು ಇಲ್ಲದ ಪಂಚ್‌ನಿಂದ ಹೊರಬಿದ್ದು, ಎಂವಿಎಸ್‌ನ ಇಲ್ಲದ ಕಾರ್ಡ್ ರೀಡರ್‌ಗೆ ಹೋಗಿ ಬೀಳುತ್ತವೆ. ಎಂವಿಎಸ್‌ನಲ್ಲಿ ಜಾಬ್‌ಗಳನ್ನು ಒಳಗೆ ತೆಗೆದುಕೊಳ್ಳುವ ಜೆಇಎಸ್2 ಅವನ್ನು ನಿಜವಾದ ಕಾರ್ಡುಗಳೆಂದೇ ನಂಬಿ ಓದುತ್ತದೆ. ಪಂಚ್ ಮಾಡುವಾಗ ‘ನೋಹೆಡರ್’ ಆಯ್ಕೆ ಮರೆಯಬೇಡಿ. ಮರೆತರೆ ಸಿಎಂಎಸ್ ತನ್ನದೊಂದು ‘:ರೀಡ್’ ಕಾರ್ಡನ್ನು ಜಾಬ್ ಕಾರ್ಡಿನ ಮುಂದೆ ತುರುಕುತ್ತದೆ. ವಿಎಂ/370 ಬಂದ 1972ರಲ್ಲಿಯೇ ಈ ವ್ಯವಸ್ಥೆ ಇತ್ತು, ಮತ್ತು ಇಂದಿಗೂ ಇದಕ್ಕಿಂತ ಸರಳವಾದದ್ದನ್ನು ನಾನು ಬಯಸಿಲ್ಲ.

ಮೂಡಿಗೆರೆ_ತೋಟ, ಚಿಕ್ಕಮಗಳೂರು ಜಿಲ್ಲೆ:

ಮೇಲಿನವರು ಹೇಳಿದ್ದೆಲ್ಲ ಸರಿ. ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ.

ಎರಡು ಐಡಿ ಮಾಡಿದ ಕೂಡಲೇ ಒಂದೇ ಡಿಸ್ಕನ್ನು ಎರಡೂ ಕಡೆ ಬರೆಯಲು ಬರುವಂತೆ ‘ಎಂಡಬ್ಲ್ಯೂ’ ಎಂದು ಲಿಂಕ್ ಮಾಡುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಸಿಎಂಎಸ್ ಡಿಸ್ಕಿನ ಫೈಲ್ ಪಟ್ಟಿಯನ್ನು ಪ್ರತಿಯೊಂದು ಯಂತ್ರವೂ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುವುದರಿಂದ, ಇಬ್ಬರು ಬರೆದರೆ ಒಬ್ಬರ ಪಟ್ಟಿಯನ್ನು ಇನ್ನೊಬ್ಬರದು ಅಳಿಸಿಬಿಡುತ್ತದೆ. ಎಂವಿಎಸ್ ಡಿಸ್ಕನ್ನು ಸಿಎಂಎಸ್‌ನಿಂದ ನೋಡಬೇಕಿದ್ದರೆ ‘ಆರ್‌ಆರ್’ ಎಂದು ಓದಲಷ್ಟೇ ಲಿಂಕ್ ಮಾಡಿಕೊಳ್ಳಿ. ಸಿಎಂಎಸ್‌ಗೆ ಎಂವಿಎಸ್ ಡೇಟಾಸೆಟ್‌ಗಳನ್ನು ಓದಲು ಬರುತ್ತದೆ, ಬರೆಯಲು ಹೇಗೂ ಬರುವುದಿಲ್ಲ.

ಎರಡನೆಯದು ಕರೆಂಟು. ನಮ್ಮ ಕಡೆ ಆಷಾಢದ ಮಳೆ ಹಿಡಿದರೆ ಕರೆಂಟು ಹೋದದ್ದು ಬರುವುದಕ್ಕೆ ಎಷ್ಟೋ ಸಲ ಮರುದಿನವಾಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಅಷ್ಟು ಕಾಯುವುದಿಲ್ಲ. ಮುಚ್ಚುವಾಗ ಮೇಲಿನಿಂದ ಕೆಳಗೆ ಬನ್ನಿ: ಮೊದಲು ಎಂವಿಎಸ್‌ನಲ್ಲಿ ಜೆಇಎಸ್2 ನಿಲ್ಲಿಸಿ ‘ಜಡ್ ಇಒಡಿ’, ನಂತರ ಆಪರೇಟರ್ ಐಡಿಯಿಂದ ‘ಶಟ್‌ಡೌನ್’, ಕೊನೆಗೆ ಹರ್ಕ್ಯುಲಿಸ್. ಹಾಗಾಗದೆ ದಿಢೀರನೆ ಸತ್ತಿದ್ದರೆ, ಮುಂದಿನ ಸಲ ವಿಎಂ ಏಳುವಾಗ ಕೇಳುವ ಪ್ರಶ್ನೆಗೆ ‘ಸಿಕೆಪಿಟಿ’ ಎಂದು ಉತ್ತರಿಸಿ. ಅವಸರದಲ್ಲಿ ‘ಕೋಲ್ಡ್’ ಎಂದರೆ ಸ್ಪೂಲ್‌ನಲ್ಲಿ, ಅಂದರೆ ರೀಡರ್, ಪಂಚ್, ಪ್ರಿಂಟರ್‌ಗಳ ಫೈಲ್‌ಗಳು ಕಾಯುವ ಜಾಗದಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ನಾನು ಒಂದು ಇಡೀ ವಾರದ ಲಿಸ್ಟಿಂಗ್‌ಗಳನ್ನು ಹಾಗೆ ಕಳೆದುಕೊಂಡೆ.

ಹೇಮಾವತಿ_ದಡ, ಹಾಸನ:

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಎರಡು ಐಡಿ ಮಾಡಿದೆ. ‘ಬಿಗಿನ್’ ಕೊಟ್ಟ ಕೂಡಲೇ ಎಂವಿಎಸ್ ಏನೂ ಆಗದಂತೆ ಮಾತಾಡಿದ್ದು ನೋಡಿ ಸ್ವಲ್ಪ ನಾಚಿಕೆಯೂ ಆಯಿತು.

ಪಂಚ್ ಮಾಡಿದ ಜಾಬ್ ಮಾತ್ರ ಮೊದಲ ಸಲ ರೀಡರ್‌ನಲ್ಲಿಯೇ ಉಳಿಯಿತು. ಹುಡುಕಿದಾಗ ಗೊತ್ತಾದದ್ದೇನೆಂದರೆ, ಹಿಂದೆಂದೋ ಪ್ರಯೋಗಕ್ಕೆಂದು ನನ್ನ ಪಂಚ್‌ನ ಕ್ಲಾಸನ್ನು (ಸ್ಪೂಲ್ ಫೈಲ್‌ಗಳನ್ನು ವಿಂಗಡಿಸುವ ಅಕ್ಷರವನ್ನು) ಬದಲಿಸಿ ಮರೆತಿದ್ದೆ, ಎಂವಿಎಸ್‌ನ ರೀಡರ್ ಕ್ಲಾಸ್ ಎ ಫೈಲ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಪಂಚನ್ನು ಕ್ಲಾಸ್ ಎಗೆ ಮರಳಿಸಿ ಮತ್ತೆ ಕಳಿಸಿದೆ, ಜಾಬ್ ಓಡಿತು. ಹೆಸರು ಮತ್ತು ಕ್ಲಾಸನ್ನು ಪ್ರತಿ ಸಲ ಕೈಯಲ್ಲಿ ಹೊಡೆಯುವುದು ಬೇಡವೆಂದು ಮೂರು ಸಾಲಿನ ಒಂದು ಎಕ್ಸೆಕ್ (ಆಜ್ಞೆಗಳ ಫೈಲ್) ಬರೆದು ನನ್ನ ಸಿಎಂಎಸ್ ಐಡಿಯ 191 ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ.