ಪದವಿ ಕಾಲೇಜಿನ ಕುಸ್ತಿ ತಂಡ: ಮ್ಯಾಟ್ ತರಿಸೋದಾ, ಕೆಂಪು ಮಣ್ಣು ಹಾಕಿಸೋದಾ?

ಘಟಪ್ರಭಾ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನ ವಿಚಾರ. ಹತ್ತಿರ ಹತ್ತಿರ 900 ವಿದ್ಯಾರ್ಥಿಗಳು. ಕ್ರೀಡಾ ಶುಲ್ಕದ ದುಡ್ಡಿನಲ್ಲಿ ಕುಸ್ತಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ತೆಗೆದಿಡಬಹುದು, ಅಷ್ಟೇ. ಊರೂರಿನ ತಾಲೀಮಿನಲ್ಲಿ (ಮಣ್ಣಿನ ಗರಡಿಯಲ್ಲಿ) ಬೆಳೆದ 11 ಹುಡುಗರು, ಮೂವರು ಹುಡುಗಿಯರು ಇದ್ದಾರೆ.

ಆಡಳಿತ ಮಂಡಳಿಯವರು ಮೂರು ತಕರಾರು ತೆಗೆದಿದ್ದಾರೆ. ಒಂದು, 2026ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲೇ ಕುಸ್ತಿ ಇಲ್ಲ, ಒಲಿಂಪಿಕ್ಸ್‌ನಿಂದಲೂ ಒಮ್ಮೆ ತೆಗೆಯಲು ಹೊರಟಿದ್ದರು, ಇಂಥ ಆಟಕ್ಕೆ ದುಡ್ಡು ಯಾಕೆ? ಎರಡು, ಅಮೆರಿಕದ ಕಾಲೇಜುಗಳೇ ಕುಸ್ತಿ ತಂಡ ಮುಚ್ಚುತ್ತಿವೆಯಂತೆ. ಮೂರು, ಜಾತ್ರೆಯಲ್ಲಿ ಬೆಳ್ಳಿ ಕಡಗ ಗೆಲ್ಲುವ ಹುಡುಗರು ವಿಶ್ವವಿದ್ಯಾಲಯ ಮಟ್ಟದಲ್ಲಿ ಮೊದಲ ಸುತ್ತಿಗೇ ಮನೆಗೆ ಬರುತ್ತಾರೆ.

ಮೂರನೆಯದಕ್ಕೆ ಉತ್ತರ ಮೊದಲು ಬೇಕು. ಆಮೇಲೆ ಮ್ಯಾಟ್ ಮೇಲೋ ಮಣ್ಣು ಮೇಲೋ, ದುಡ್ಡು ಎಲ್ಲಿಂದ ಹೊಂದಿಸೋದು, ಇವೆರಡು. ಬಲ್ಲವರು ಹೇಳಿ.

ಸೀಟಿ_ಬೆಳಗಾವಿ

ಸರ್, ಆ ಹುಡುಗರಿಗೆ ಶಕ್ತಿ ಕಡಿಮೆ ಅಲ್ಲ. ಆಟವೇ ಬೇರೆ.

ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಲೆಕ್ಕಕ್ಕೆ ಬರೋದು ಚಿತ್ ಒಂದೇ, ಅಂದರೆ ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚೋದು. ಢಾಕ್ ಪಟ್ಟು ಬಿದ್ದಾಗ ಬೆನ್ನ ಮೇಲೆ ಸರ್ರನೆ ಉರುಳಿ ಮತ್ತೆ ಹೊಟ್ಟೆ ಮೇಲಾದರೆ ಜನ ಶಿಳ್ಳೆ ಹೊಡೆಯುತ್ತಾರೆ. ಅದೇ ಮ್ಯಾಟ್ ಮೇಲಾದರೆ ಬೆನ್ನು ನೆಲದ ಕಡೆ ತಿರುಗಿದ ಗಳಿಗೆಗೇ ಎದುರಾಳಿಗೆ ಅಂಕ. ನೆಲದ ಮೇಲೆ ತಿರುಗಿಸಿದರೆ 2, ನಿಂತಲ್ಲಿಂದ ಎತ್ತಿ ನೇರ ಬೆನ್ನ ಮೇಲೆ ಹಾಕಿದರೆ 4. ತಾಲೀಮಿನಲ್ಲಿ ಜಾಣತನ ಅಂತ ಕಲಿತದ್ದೇ ಇಲ್ಲಿ ನಷ್ಟ.

ಇನ್ನೊಂದು ಲಂಗೋಟದ ಹಿಡಿತ. ಹಿಂದಿನಿಂದ ಲಂಗೋಟ ಹಿಡಿದು ಕೂತು ಉಸಿರು ತೆಗೆದುಕೊಳ್ಳುವ ರೂಢಿ ನಮ್ಮ ಕಡೆ. ಮ್ಯಾಟ್‌ನಲ್ಲಿ ಸಿಂಗ್ಲೆಟ್ (ಮೈಗಂಟುವ ಪಂದ್ಯದ ಉಡುಪು) ಹಿಡಿಯೋದು ತಪ್ಪು. ಎದುರಾಳಿ ಹಾಗೆ ಕೂರೋದಿಲ್ಲ, ಸೊಂಟ ತಬ್ಬಿ ಉರುಳಿಸಲು ಶುರು ಮಾಡುತ್ತಾನೆ. ಕೆಡವಿದ್ದಕ್ಕೆ 2, ಆಮೇಲೆ ಒಂದೊಂದು ಉರುಳಿಗೂ 2. ನಾಲ್ಕು ಉರುಳಿಗೆ 10–0, ಫ್ರೀಸ್ಟೈಲ್ ಅಲ್ಲಿಗೆ ಮುಗೀತು (ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಗ್ರೀಕೋ ರೋಮನ್‌ನಲ್ಲಿ 8 ಅಂಕಗಳ ಅಂತರ ಸಾಕು). ಅರ್ಧ ನಿಮಿಷವೂ ಆಗಿರೋದಿಲ್ಲ. ನಮ್ಮ ಹುಡುಗರು ಬೀಳೋದು ಹೆಚ್ಚಾಗಿ ಇಲ್ಲೇ.

ಮೂರನೆಯದು ಗೆರೆ. ಮಣ್ಣಿನ ಕಣದಲ್ಲಿ ಅಂಚಿಗೆ ಹೋದರೆ ಪಂಚರು ನಡುವಿಗೆ ಕರೆತಂದು ಮತ್ತೆ ಹಿಡಿಸುತ್ತಾರೆ. ಮ್ಯಾಟ್‌ನಲ್ಲಿ 9 ಮೀಟರ್ ವೃತ್ತ, ಅದರ ಕೊನೆಯ 1 ಮೀಟರ್ ಕಿತ್ತಳೆ ಪಟ್ಟಿ. ಅದರಾಚೆ ಕಾಲಿಟ್ಟರೆ ಎದುರಾಳಿಗೆ 1. ಸುಮ್ಮನೆ ಕಾಯುತ್ತ ನಿಂತರೆ ಮೊದಲು ಎಚ್ಚರಿಕೆ, ಆಮೇಲೆ 30 ಸೆಕೆಂಡಿನ ಗಡುವು. ಅಷ್ಟರಲ್ಲಿ ಯಾರೂ ಅಂಕ ಮಾಡದಿದ್ದರೆ ಗಡುವು ಹಾಕಿಸಿಕೊಂಡವನ ಎದುರಾಳಿಗೆ 1 ಸಿಗುತ್ತದೆ.

ಇದಕ್ಕೆ ಮ್ಯಾಟ್ ಬರುವ ತನಕ ಕಾಯಬೇಕಿಲ್ಲ. ಮಣ್ಣಿನಲ್ಲೇ ಸುಣ್ಣದಿಂದ ವೃತ್ತ ಎಳೆಯಿರಿ. 3 ನಿಮಿಷ, 30 ಸೆಕೆಂಡ್ ವಿಶ್ರಾಂತಿ, ಮತ್ತೆ 3 ನಿಮಿಷ, ಇದೇ ಲೆಕ್ಕದಲ್ಲಿ ಆಡಿಸಿ. ದಿನಾ ಹತ್ತು ಸಲ ಒಬ್ಬನನ್ನು ಮೊಣಕಾಲೂರಿಸಿ, ಇನ್ನೊಬ್ಬನಿಗೆ ಅವನನ್ನು ಉರುಳಿಸಲು 30 ಸೆಕೆಂಡ್ ಕೊಡಿ. ಕೆಳಗಿದ್ದವನು ಕೈ ಅಗಲಿಸಿ, ಸೊಂಟ ನೆಲಕ್ಕೊತ್ತಿ ತಡೆಯೋದನ್ನು ಕಲಿಯಲಿ. ಕಲಾಜಂಗ್, ಏಕೇರಿ ಪಟದಂಥ ಪಟ್ಟುಗಳು ಮಣ್ಣು, ಮ್ಯಾಟ್ ಎರಡೂ ಕಡೆ ನಡೆಯುತ್ತವೆ, ಅವನ್ನು ಬಿಡಿಸಬೇಡಿ.

ನನ್ನ ಖಡಕ್ ಮಾತು ಒಂದೇ: ಅಂತರ ಕಾಲೇಜು ಪಂದ್ಯಕ್ಕೆ ಆರು ವಾರ ಇರುವಾಗ ಜಾತ್ರೆ ಕುಸ್ತಿ ಬಂದ್.

ಎರಿ_ಭೂಮಿ

ಜಾತ್ರಿ ಬಂದ್ ಮಾಡ್ರಿ ಅನ್ನೂದು ಸುಲಭ ಐತ್ರೀ ಸಾಹೇಬ್ರ. ಹುಡುಗಗ ಬದಾಮಿ, ಹಾಲು, ತತ್ತಿ ಯಾರು ಕೊಡಿಸ್ತಾರ? ಜಾತ್ರಿ ರೊಕ್ಕದ ಮ್ಯಾಲೇ ಅವ್ರ ಖುರಾಕ್ ನಡಿಯೂದು. ಆರು ವಾರ ಬ್ಯಾಡ, ಮೂರು ವಾರ ಅನ್ರಿ.

ಮ್ಯಾಟ್ ಮಾತಿಗೆ ಬರೂಣು. ಪೂರಾ ಪಂದ್ಯದ ಮ್ಯಾಟ್ ಅಂದ್ರ 12×12 ಮೀಟರ್. 1×2 ಮೀಟರಿನ ತುಂಡು 72 ಬೇಕು. ಕಾಲೇಜಿಗೆ ಅದು ಬ್ಯಾಡ. ತಾಲೀಮಿಗೆ 8×8 ಸಾಕು, 32 ತುಂಡು. ನಾಕೈದು ಜೋಡಿ ಡಾವ್ (ಪಟ್ಟು) ಮಾಡಬಹುದು, ಖರೇ ಕುಸ್ತಿ ಎರಡು ಜೋಡಿ. ಅದಕ್ಕೂ ರೊಕ್ಕ ಸಾಲದಿದ್ರ 6×6, 18 ತುಂಡು. ಮುಂದ 14 ತುಂಡು ಕೂಡಿಸಿ ಹೊಸಾ ಕವರ್ ಹೊಲಿಸ್ರಿ, ಹಳೇ ಕವರ್ ಗ್ವಾಡಿ ಪ್ಯಾಡಿಗೆ ಬರ್ತೈತಿ. ಗ್ವಾಡಿ ಹತ್ರ ಇದ್ರ ಐದು ಫೂಟ್ ಎತ್ತರ ಪ್ಯಾಡ್ ಹಾಕಾಕ ಬೇಕು.

ಒಂದು ಮೋಸ ನೋಡ್ಕೋರಿ. ಒಂದಕ್ಕೊಂದು ಹಲ್ಲು ಕೂಡಸೂ ಇವಿಎ ಫೋಮ್ ಶೀಟ್ ಅಗ್ಗಾ ಸಿಗ್ತಾವ, 20–25 ಮಿಲಿಮೀಟರ್ ದಪ್ಪ, ‘ಕುಸ್ತಿ ಮ್ಯಾಟ್’ ಅಂತನ ಮಾರ್ತಾರ. ಅವು ಕರಾಟೆಗೆ ಆಗ್ತಾವ. ಕುಸ್ತ್ಯಾಗ ಪೈಲ್ವಾನ ಕಾಲು ಒತ್ತಿ ನೂಕಿದ್ರ ಜೋಡಣಿ ಬಿಚ್ಚತೈತಿ, ಬಿರುಕಿನ್ಯಾಗ ಹೆಬ್ಬೆರಳು ಸಿಗತೈತಿ, ಮೈ ತಿರಗತೈತಿ, ಕಾಲು ತಿರಗೂದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿಯೂದು ಹಿಂಗ. 5–6 ಸೆಂಟಿಮೀಟರ್ ದಪ್ಪ ಇರಬೇಕು, ಮ್ಯಾಲ ಒಂದ ಅಖಂಡ ಕವರ್ ಬಿಗಿಯಾಗಿ ಎಳದಿರಬೇಕು.

ಮಣ್ಣಿನ ಲೆಕ್ಕ: 25×25 ಫೂಟ್, ಒಂದೂವರಿ ಫೂಟ್ ಆಳ ಅಂದ್ರ 937 ಘನ ಅಡಿ, ಒಂಬತ್ತೂವರಿ ಬ್ರಾಸ್ ಹತ್ರ (ನೂರು ಘನ ಅಡಿಗೆ ಒಂದು ಬ್ರಾಸ್). ಕೂಡತೈತಿ ಅಂತ ಹನ್ನೊಂದು ಬ್ರಾಸ್ ತರಸ್ರಿ. ನಮ್ಮ ಎರಿ ಮಣ್ಣು ಮಾತ್ರ ಹಾಕಬ್ಯಾಡ್ರಿ, ಹಸಿ ಇದ್ರ ಅಂಟತೈತಿ, ಒಣಗಿದ್ರ ಬಿರಿತೈತಿ. ಕೆಂಪು ಮಸಾರಿನ ಬೇಕು. ಜರಡಿ ಹಿಡದು ಹಳ್ಳು ತಗದು, ಎಣ್ಣಿ, ಮಜ್ಜಿಗಿ, ಅರಿಷಿಣ, ಲಿಂಬಿಹಣ್ಣು ಕೂಡಸ್ರಿ. ಸಂಜಿಕೆ ನೀರು ಚಿಮುಕಿಸಿ ಮುಂಜಾನೆ ಸಲಿಕಿಲೆ ತಿರುವಬೇಕು. ನೀರು ಹೆಚ್ಚಾದ್ರ ಗಂಟಾಗತೈತಿ, ಕಡಿಮಿ ಆದ್ರ ಧೂಳು ಕಣ್ಣಾಗ. ರಜಾದಾಗ ಒಂದು ತಿಂಗಳು ಮುಟ್ಟದ ಬಿಟ್ರ ನೆಲದಂಗ ಗಟ್ಟಿ ಆಗತೈತಿ, ಮತ್ತ ಪೂರಾ ಅಗಿಬೇಕು.

ಊರಾಗ ತಾಲೀಮ್ ಐತಲ್ಲ, ಮಣ್ಣು ಅಲ್ಲೇ ಸಾಕು. ಕಾಲೇಜಿನ ರೊಕ್ಕ ಮ್ಯಾಟಿಗೆ ಹಾಕ್ರಿ. ಆದ್ರ ಮಣ್ಣಾಗಿಂದ ಬಂದವ ಸ್ನಾನ ಮಾಡದ ಮ್ಯಾಟ್ ಹತ್ತಬಾರದು. ದಿನಾ ಒಂದು ಲೀಟರ್ ನೀರಿಗೆ 10 ಮಿಲಿ ಬ್ಲೀಚ್ ಹಾಕಿ ಒರಸಿ, ಹತ್ತು ನಿಮಿಷ ಬಿಟ್ಟು ಒಣಗಸ್ರಿ. ಇಲ್ಲಂದ್ರ ತಂಡಕ್ಕೆಲ್ಲ ಹುಳಕಡ್ಡಿ ಹಬ್ಬತೈತಿ. ತೂಕದ ದಿನ ಚರ್ಮ ನೋಡಿ ಹೊರಗ ಹಾಕ್ತಾರ.

ಖತಾವಣಿ_ವಿಜಯಪುರ

ಅಮೆರಿಕದ ಮಾತು ಮೊದಲು ಮುಗಿಸುತ್ತೇನೆ. ಅಲ್ಲಿ ದುಡಿಯೋದು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್, ಉಣ್ಣೋದು ಉಳಿದೆಲ್ಲ ಆಟಗಳು. 2025ರ ಜೂನ್ 6ರಂದು ಅಲ್ಲಿನ ಕೋರ್ಟ್ ಒಂದು ರಾಜಿಗೆ ಒಪ್ಪಿಗೆ ಕೊಟ್ಟಿತು. ವಿಶ್ವವಿದ್ಯಾಲಯಗಳು ಆಟಗಾರರಿಗೇ ನೇರ ಹಣ ಕೊಡಬಹುದು, 2025–26ಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್ ಮಿತಿ. ಆ ದುಡ್ಡು ಹೆಚ್ಚಾಗಿ ಫುಟ್‌ಬಾಲ್ ಹುಡುಗರ ಪಾಲು. ಆದ್ದರಿಂದ ಗಳಿಕೆ ಇಲ್ಲದ ಆಟಗಳಿಗೆ ಹೊಟ್ಟೆಯಲ್ಲಿ ನಡುಕ. ಅಷ್ಟಾದರೂ ಅಲ್ಲಿ 2025ರಲ್ಲೇ ಮಹಿಳಾ ಕುಸ್ತಿಗೆ ಕಾಲೇಜು ಮಟ್ಟದ ಅಧಿಕೃತ ಚಾಂಪಿಯನ್‌ಷಿಪ್ ಮಂಜೂರಾಯಿತು. ಅದನ್ನೂ ಮಂಡಳಿಗೆ ಹೇಳಿ.

ನಮ್ಮಲ್ಲಿ ಲೆಕ್ಕ ಉಲ್ಟಾ. ಕಾಲೇಜಿನ ಯಾವ ಆಟ ನೋಡಲು ಜನ ತಾವಾಗಿ ಬರುತ್ತಾರೆ? ಮುಧೋಳ, ಜಮಖಂಡಿ, ಬೆಳಗಾವಿ ಕಡೆ ಕುಸ್ತಿಗೆ ಮಾತ್ರ. ವರ್ಷಕ್ಕೊಂದು ಕುಸ್ತಿ ಮೈದಾನ (ಬಯಲು ಪಂದ್ಯ) ಮಾಡಿ, ಪಟ್ಟಿ (ಚಂದಾ) ಎತ್ತಿ, ಕಾಲೇಜಿನ ಹೆಸರಿನ ರಸೀದಿ ಕೊಡಿ. ದುಡ್ಡು ಬ್ಯಾಂಕಿನ ಬೇರೆ ಖಾತೆಗೇ ಹೋಗಬೇಕು. ಕೈಯಲ್ಲಿ ಹಿಡಿದು ಕೈಯಲ್ಲೇ ಖರ್ಚು ಹಾಕಿದರೆ ಮುಂದಿನ ವರ್ಷ ಯಾರೂ ಕೊಡೋದಿಲ್ಲ.

ದೊಡ್ಡ ಮೊತ್ತಕ್ಕೆ ಸಿಎಸ್‌ಆರ್, ಅಂದರೆ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2%. ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಅಂತ ಸ್ಪಷ್ಟವಾಗಿದೆ. ಕುಸ್ತಿ ಎರಡರಲ್ಲೂ ಬರುತ್ತದೆ. ಹೆಚ್ಚಿನವರು ಎಡವೋದು ಎಲ್ಲಿ ಅಂದರೆ, ಸಹಕಾರಿ ಸಕ್ಕರೆ ಕಾರ್ಖಾನೆಗೆ ಅರ್ಜಿ ಹಾಕಿ ಕೂರುತ್ತಾರೆ. ಸಹಕಾರಿ ಸಂಘ ಕಂಪನಿ ಕಾಯ್ದೆಯಡಿ ಬರೋದಿಲ್ಲ, ಅವರು ಕೊಟ್ಟರೆ ದಾನ, ಕೊಡಲೇಬೇಕೆಂದಿಲ್ಲ. ಖಾಸಗಿ ಕಾರ್ಖಾನೆ ಹಿಡಿಯಿರಿ. ಹಣ ನಿಮ್ಮ ಸಂಸ್ಥೆಯ ಮೂಲಕ ಖರ್ಚಾಗಬೇಕಿದ್ದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಜೊತೆಗೆ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ ಕೊಡುವ ಸಿಎಸ್‌ಆರ್-1 ಸಂಖ್ಯೆ ಬೇಕು. ಇದಿಲ್ಲದೆ ಅರ್ಜಿ ಮೇಜಿನಿಂದ ಮೇಲೇಳೋದಿಲ್ಲ.

60 ಸಾವಿರದಲ್ಲಿ ಟ್ರ್ಯಾಕ್‌ಸೂಟ್ ತರೋದು ಬಿಡಿ. ಫೋಟೋಗೆ ಚಂದ, ಅಷ್ಟೇ. ಕುಸ್ತಿ ಬೂಟು, ಕೆಂಪು ಮತ್ತು ನೀಲಿ ಸಿಂಗ್ಲೆಟ್, ಅಪಘಾತ ವಿಮೆ, ಪ್ರಯಾಣ ಭತ್ಯೆ, ಇಷ್ಟಕ್ಕೆ ಇಡಿ.

ಪಾಲಕರು ‘ಇದರಿಂದೇನು’ ಅಂದರೆ ಫಾರ್ಮ್-3 ತೋರಿಸಿ. ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು ಕೇಂದ್ರ ಸರ್ಕಾರದ ಗ್ರೂಪ್ ಸಿ ಕ್ರೀಡಾ ಕೋಟಾಕ್ಕೆ ಅರ್ಹರು. ಅದಕ್ಕೆ ಬೇಕಾದ ಪ್ರಮಾಣಪತ್ರವೇ ಫಾರ್ಮ್-3, ಸಹಿ ಮಾಡೋದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು. ಹುಡುಗ ಪಾಸಾಗಿ ಹೋದ ಮೇಲೆ ಅಲೆಯೋದಕ್ಕಿಂತ ಪಂದ್ಯ ಮುಗಿದ ತಿಂಗಳಲ್ಲೇ ಮಾಡಿಸಿಡಿ.

ಹೆಲ್ಸಿಂಕಿ_52

ಒಲಿಂಪಿಕ್ಸ್ ಭಯಕ್ಕೆ ಉತ್ತರ. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಕಾರ್ಯಕಾರಿ ಮಂಡಳಿ 2020ರ ಮುಖ್ಯ ಪಟ್ಟಿಯಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿದ್ದು ನಿಜ. ಅದರ ಬದಲು ಉಳಿದದ್ದು ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್. ಅದರ ಜಾಗತಿಕ ಸಂಸ್ಥೆಯ ಉಪಾಧ್ಯಕ್ಷರಾಗಿದ್ದ ಸಮರಾಂಚ್ ಜೂನಿಯರ್ ಅದೇ ಕಾರ್ಯಕಾರಿ ಮಂಡಳಿಯಲ್ಲಿ ಕೂತಿದ್ದರು. ಮನೆಯವರೇ ಪಂಚರಾದರೆ ತೀರ್ಪು ಹೇಗಿರುತ್ತದೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕೇ?

ಆದರೆ ತಪ್ಪು ಕುಸ್ತಿಯವರದ್ದೂ ಇತ್ತು. ಎರಡು ನಿಮಿಷದ ಮೂರು ಸುತ್ತು, ಅಂಕ ಬರದಿದ್ದರೆ ಚೀಲದಿಂದ ಚೆಂಡು ಎತ್ತಿ ಯಾರು ಕಾಲು ಹಿಡಿಯಬೇಕು ಅಂತ ತೀರ್ಮಾನ. ಚೀಟಿ ಎತ್ತಿ ಕುಸ್ತಿ ಗೆಲ್ಲೋದು! ಜಾಗತಿಕ ಕುಸ್ತಿ ಸಂಸ್ಥೆಯ ಅಧ್ಯಕ್ಷ ಮಾರ್ಟಿನೆಟಿ ರಾಜೀನಾಮೆ ಕೊಟ್ಟರು, ಲಾಲೋವಿಚ್ ಬಂದರು, ನಿಯಮ ಬದಲಾಯಿತು. ಸೀಟಿ ಸಾಹೇಬರು ಹೇಳಿದ 3+3 ನಿಮಿಷದ ಕೂಡು ಅಂಕದ ಲೆಕ್ಕ ಆಗಲೇ ಬಂದದ್ದು. ಅದೇ ಸೆಪ್ಟೆಂಬರ್‌ನಲ್ಲಿ ಐಒಸಿಯ ಬ್ಯೂನಸ್ ಐರಿಸ್ ಸಭೆಯಲ್ಲಿ 2020ರ ಪಟ್ಟಿಗೆ ಸೇರಿಸಲು ಕುಸ್ತಿಗೆ 49 ಮತ, ಬೇಸ್‌ಬಾಲ್–ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22. ಮಹಿಳೆಯರ ತೂಕ ವಿಭಾಗ 4ರಿಂದ 6ಕ್ಕೆ ಏರಿದ್ದೂ ಈ ಏಟಿನ ಫಲವೇ. ನಿಮ್ಮ ಮೂವರು ಹುಡುಗಿಯರನ್ನು ಇದೇ ಕಾರಣಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಲಿಂಪಿಕ್ಸ್‌ನಲ್ಲಿ ಹುಡುಗರಿಗೆ ಎರಡು ಶೈಲಿಗಳಲ್ಲಿ ಆರಾರು, ಹುಡುಗಿಯರಿಗೆ ಒಂದರಲ್ಲೇ ಆರು, ಆದರೆ ಪೈಪೋಟಿ ನಮ್ಮ ಜಿಲ್ಲೆಗಳಲ್ಲಿ ತೀರ ಕಡಿಮೆ.

ಗ್ಲಾಸ್ಗೋ ಕತೆ ಬೇರೆ. ಖರ್ಚು ಉಳಿಸಲು 10 ಆಟಕ್ಕೆ ಇಳಿಸಿದರು, ಕುಸ್ತಿ ಜೊತೆ ಹಾಕಿ, ಬ್ಯಾಡ್ಮಿಂಟನ್, ಕ್ರಿಕೆಟ್ ಕೂಡ ಹೋದವು. ಬರ್ಮಿಂಗ್‌ಹ್ಯಾಮ್‌ನಲ್ಲಿ 2022ರಲ್ಲಿ ಕುಸ್ತಿಗೆ ಕಣಕ್ಕಿಳಿದ ನಮ್ಮ 12 ಮಂದಿಯೂ ಪದಕ ತಂದಿದ್ದರು, ಅದಕ್ಕೇ ಈ ಉರಿ. ಹಾಗಂತ ಹಾಕಿ ತಂಡ ಮುಚ್ಚಿ ಅಂತ ಯಾವ ಮಂಡಳಿಯೂ ಅನ್ನಲಿಲ್ಲವಲ್ಲ.

2023ರಲ್ಲಿ ಚುನಾವಣೆ ನಡೆಸದ ಕಾರಣಕ್ಕೆ ಭಾರತೀಯ ಕುಸ್ತಿ ಫೆಡರೇಷನ್ ಅಮಾನತಾದಾಗಲೂ ಇದೇ ಗಾಬರಿ ಇತ್ತು. ಕಾಲೇಜು ಕುಸ್ತಿ ನಡೆಯೋದು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಡಿಯಲ್ಲಿ. ದೆಹಲಿಯ ಜಗಳ ಇಲ್ಲಿಯ ಪಂದ್ಯ ನಿಲ್ಲಿಸೋದಿಲ್ಲ.

ಕಾಲೇಜಿನ ದುಡ್ಡಿನ ಮಾತಿಗೆ ಪಕ್ಕದ ಕೊಲ್ಹಾಪುರದ್ದೇ ಉದಾಹರಣೆ ಇದೆ. 1952ರಲ್ಲಿ ಖಾಶಾಬಾ ಜಾಧವ್ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ, ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು ಆ ದುಡ್ಡಿನಿಂದ.

ತಕ್ಕಡಿ

ತೂಕದ ಮಾತು ಯಾರೂ ಎತ್ತಿಲ್ಲ. ಹಿಂದಿನ ದಿನ ಊಟ ನೀರು ಬಿಟ್ಟು, ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಸಿ ಓಡಿಸಿ 3–4 ಕಿಲೋ ಇಳಿಸೋದು ನಮ್ಮ ಕಡೆ ಮಾಮೂಲು. ಮೊದಲ ಕುಸ್ತಿಯ ಎರಡನೇ ಸುತ್ತಿಗೆ ಕಾಲು ನಡುಗೋದು ಅದಕ್ಕೇ. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋದಲ್ಲಿ ಮೊದಲ ದಿನ ಸರಿಯಾಗಿ ತೂಗಿ, ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಎರಡನೇ ಬೆಳಿಗ್ಗೆ 100 ಗ್ರಾಂ ಹೆಚ್ಚು. ಬೆಳ್ಳಿಯೂ ಸಿಗಲಿಲ್ಲ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಒಂದೇ ತೂಕ ಎರಡು ದಿನ ನಡೆಯುವ ಪಂದ್ಯಗಳಲ್ಲಿ ಎರಡು ಬೆಳಿಗ್ಗೆಯೂ ತೂಗಬೇಕು ಅನ್ನೋದನ್ನು ಹುಡುಗರಿಗೆ ಮೊದಲೇ ಹೇಳಿಡಿ.

ಅಮೆರಿಕದಿಂದ ಕಲಿಯಬೇಕಾದದ್ದು ಇದು. 1997ರ ಕೊನೆಯಲ್ಲಿ ಅಲ್ಲಿ ಮೂವರು ಕಾಲೇಜು ಪೈಲ್ವಾನರು ತೂಕ ಇಳಿಸುತ್ತಲೇ ಸತ್ತರು. ಅದಾದ ಮೇಲೆ ರಬ್ಬರ್ ಸೂಟ್, ಸೌನಾ ನಿಷೇಧ. ವಾರಕ್ಕೆ ಮೈತೂಕದ 1.5% ಮೀರಿ ಇಳಿಸುವಂತಿಲ್ಲ. 60 ಕಿಲೋ ಹುಡುಗನಿಗೆ ಅದು 900 ಗ್ರಾಂ. 57ಕ್ಕೆ ಇಳಿಯಬೇಕಾದರೆ ನಾಲ್ಕು ವಾರ. ಅಷ್ಟು ಟೈಮ್ ಇಲ್ಲದಿದ್ದರೆ 61ರಲ್ಲಿ ಆಡಲಿ. ಕಾಲೇಜಿಗೆ 50 ಗ್ರಾಂ ತೋರಿಸುವ ಡಿಜಿಟಲ್ ಕಾಟಾ ಒಂದು ತನ್ನಿ, ಸೋಮವಾರ ಬೆಳಿಗ್ಗೆ ತೂಗಿ ಗೋಡೆಗೆ ಬರೆಯಿರಿ.

ಘಟಪ್ರಭಾ_ದಂಡೆ

ಎಲ್ಲರಿಗೂ ಧನ್ಯವಾದ. 6×6 ಮ್ಯಾಟ್, ಖಾಸಗಿ ಕಾರ್ಖಾನೆಗೆ ಅರ್ಜಿ, ಸುಣ್ಣದ ವೃತ್ತ ನಾಳೆಯಿಂದಲೇ. ಜಾತ್ರೆ ಬಂದ್ ನಾಲ್ಕು ವಾರ ಅಂತ ರಾಜಿ ಮಾಡಿಕೊಳ್ಳೋಣವೇ? ಮೂರು ಕೊಟೇಶನ್ ಕರೆಯುವಾಗ ಏನೇನು ಬರೆಸಬೇಕು?

ಎರಿ_ಭೂಮಿ

ನಾಕು ವಾರ ಆತು, ಸಾಹೇಬ್ರೂ ಒಪ್ತಾರ. ಕೊಟೇಶನ್ನಾಗ ಬರೇ ‘ಕುಸ್ತಿ ಮ್ಯಾಟ್ ಒಂದು’ ಅಂತ ಬರಿಬ್ಯಾಡ್ರಿ. ತುಂಡಿನ ಅಳತಿ, ದಪ್ಪ, ಫೋಮಿನ ಡೆನ್ಸಿಟಿ, ಕವರಿನ ಬಟ್ಟಿ, ಅದನ್ನ ಕಟ್ಟೂ ಪದ್ಧತಿ, ಗ್ಯಾರಂಟಿ ಎಷ್ಟು ವರ್ಷ, ಜಿಎಸ್‌ಟಿ ಕೂಡಿ ಎಷ್ಟು, ಎಲ್ಲಾ ಬ್ಯಾರೆ ಬ್ಯಾರೆ ಸಾಲಿನ್ಯಾಗ ಕೇಳ್ರಿ. ಒಂದು ತುಂಡು ಸ್ಯಾಂಪಲ್ ತರಿಸಿ ಮ್ಯಾಲ ಮೊಣಕಾಲೂರಿ ನೋಡ್ರಿ, ನೆಲ ತಾಗಿದ್ರ ವಾಪಸ್ ಕಳಸ್ರಿ. ಮತ್ತ ಲಾರಿ ಬಾಡಿಗಿ, ಹಮಾಲಿ ಯಾರ ಕಡೆ ಅಂತ ಬರಸ್ಕೋರಿ, 18 ತುಂಡು ಗೇಟಿನ್ಯಾಗ ಇಳಿಸಿ ಹೊಂಟ್ ಬಿಡ್ತಾರ.