ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಭಾಗ: ತುಕ್ಕಿನ ಬಗ್ಗೆ ನಿಮ್ಮ ಪ್ರಶ್ನೆ, ಮೇಸ್ತ್ರಿಯ ಉತ್ತರ

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ): ಅಣ್ಣಾ, ನಮಸ್ಕಾರ. ನನ್ನದು 9 ವರ್ಷದ ಸಣ್ಣ ಕಾರು. ದಿನಾ ತೋಟದ ಮಣ್ಣು ರಸ್ತೆಯಲ್ಲೇ ಓಡಾಟ. ಮೊನ್ನೆ ಪಂಕ್ಚರ್ ಆಗಿ ಜಾಕಿ ಕೊಟ್ಟೆ. ಜಾಕಿ ಕೂರುವ ತಗಡಿನ ಅಂಚು ಬಿಸ್ಕತ್ತಿನ ಹಾಗೆ ಪುಡಿಯಾಗಿ ಕೈಗೆ ಬಂತು. ಹೊರಗಿನಿಂದ ನೋಡಿದರೆ ಪೇಂಟ್ ಹೊಳೀತಾ ಇದೆ! ಒಂದು ಗ್ಯಾರೇಜಿನಲ್ಲಿ ಪೂರ್ತಿ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿಬಿಡಿ ಅಂದರು. ಮನೆಯಲ್ಲೇ ಮಾಡಬಹುದಾ? ಕಾಫಿ ಎಲ್ಲಾ ಚೀಲಕ್ಕೆ ಹೋಗಿ ಕಣ ಖಾಲಿ ಇದೆ, ನೀರು ಹೊಡೆಯುವ ಪ್ರೆಶರ್ ಪಂಪೂ ಇದೆ.

ಉತ್ತರ: ಮಾಡಬಹುದು ಸರ್. ಖಾಲಿ ಕಣ, ಮಾರ್ಚ್ ತಿಂಗಳ ಬಿಸಿಲು, ಇದಕ್ಕಿಂತ ಒಳ್ಳೆ ಜಾಗ, ಒಳ್ಳೆ ಸಮಯ ಬೇರೆ ಸಿಗಲ್ಲ. ಆದರೆ ನಿಮ್ಮ ಕಾರಿಗೆ ಮೊದಲ ಕೆಲಸ ಕೋಟಿಂಗ್ ಅಲ್ಲ.

ಬಾಗಿಲ ಕೆಳಗೆ ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಅಂಚು ಇರುತ್ತದೆ. ಅದರ ಮೇಲೆ ಪೆಟ್ಟಿಗೆ ಹಾಗೆ ಟೊಳ್ಳಾದ ರನ್ನಿಂಗ್ ಬೋರ್ಡ್. ಅದರ ಅಡಿಯಲ್ಲಿ ನೀರು ಇಳಿಯಲು ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕೆಂಪು ಮಣ್ಣು ಆ ತೂತಿಗೆ ಮೆತ್ತಿಕೊಂಡರೆ ಮುಗಿಯಿತು, ನೀರು ಒಳಗೇ ನಿಲ್ಲುತ್ತದೆ. ಪೇಂಟ್ ಹೊರಗೆ ಹೊಳೀತಾ ಇರುವಾಗಲೇ ಒಳಗಿನಿಂದ ತಗಡು ಕರಗುತ್ತಾ ಬರುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಅಂತ ನನಗೆ ಅನಿಸುತ್ತದೆ. ಪುಡಿಯಾದ ಜಾಗವನ್ನು ಟಿಂಕರಿಂಗ್ ಗೊತ್ತಿರುವವರ ಹತ್ತಿರ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಬೇಕು. ಅಲ್ಲಿಯವರೆಗೆ ಆ ಜಾಗಕ್ಕೆ ಮತ್ತೆ ಜಾಕಿ ಕೊಡಬೇಡಿ. ಕಾರಿನ ಬಲ ಇರುವುದೇ ಆ ಪೆಟ್ಟಿಗೆಯಲ್ಲಿ.

ಇದನ್ನೆಲ್ಲ ನೋಡದೆ ಕಪ್ಪು ಕೋಟಿಂಗ್ ಹೊಡೆದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಭಾಗಮಂಡಲದ ಕಡೆಯ ಒಂದು ಕಾರು ನನ್ನ ಹತ್ತಿರ ಬಂದಿತ್ತು. ಬೇರೆಲ್ಲೋ ಎರಡು ವರ್ಷದ ಹಿಂದೆ ದಪ್ಪಗೆ ಟಾರಿನಂಥ ಕೋಟಿಂಗ್ ಹೊಡೆಸಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ಹಿಂದಿನ ಚಕ್ರದ ಹತ್ತಿರ ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಎತ್ತಿದೆ. ಅಂಗೈ ಅಗಲದ ಕಪ್ಪು ಹಾಳೆ ಹಾಗೇ ಎದ್ದು ಬಂತು. ಅದರ ಒಳಮೈ ಒದ್ದೆ. ಮಳೆ ಬಿಟ್ಟು ಹದಿನೈದು ದಿನ ಆಗಿದ್ದರೂ ಒದ್ದೆ. ಕೆಳಗಿನ ತಗಡು ಒಣಗಿದ ಬಾಳೆಪಟ್ಟೆ ಬಿಡಿಸಿದ ಹಾಗೆ ಪದರ ಪದರವಾಗಿ ಉದುರಿತು. ಕೋಟಿಂಗ್ ನೀರನ್ನು ಹೊರಗಿಡಲಿಲ್ಲ, ಒಳಗೆ ಹಿಡಿದಿಟ್ಟಿತ್ತು. ಆ ದಿನದಿಂದ ನಾನು ಎಲ್ಲರಿಗೂ ಒಂದೇ ಮಾತು ಹೇಳುವುದು: ತೇವದ ಮೇಲೆ, ತುಕ್ಕಿನ ಮೇಲೆ ಏನನ್ನೂ ಮುಚ್ಚಬೇಡಿ.

ಈಗ ಕೆಲಸಕ್ಕೆ ಬರೋಣ. ಮೊದಲು ಸುರಕ್ಷತೆ. ಜಾಕಿ ಒಂದನ್ನೇ ನಂಬಿ ಕಾರಿನ ಕೆಳಗೆ ನುಗ್ಗಬೇಡಿ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಮೇಲೆ ನಿಲ್ಲಿಸುವವರಿದ್ದಾರೆ. ಅದು ಮುನ್ಸೂಚನೆ ಇಲ್ಲದೆ ಸೀಳುತ್ತದೆ, ದಯವಿಟ್ಟು ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಮಲಗಿ ಕೆಲಸ ಮಾಡುವಾಗ ತುಕ್ಕಿನ ಹುಡಿ ನೇರ ಕಣ್ಣಿಗೇ ಬೀಳುವುದು.

ನಾಲ್ಕೂ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿ. ಅದರ ಹಿಂದೆ ಒಂದೊಂದು ಕಡೆ ಒಂದು ಬೊಗಸೆ ಮಣ್ಣು ಸಿಗುತ್ತದೆ, ಜೊತೆಗೆ ಕೊಳೆತ ಎಲೆ. ಅದನ್ನು ಮೊದಲು ಕೈಯಲ್ಲೇ ತೆಗೆಯಿರಿ. ಆಮೇಲೆ ಪಂಪಿನಲ್ಲಿ ನೀರು ಹೊಡೆಯಿರಿ. ರಬ್ಬರ್ ಬೂಟು, ಬೇರಿಂಗ್, ವೈರಿನ ಕನೆಕ್ಟರ್ ಇರುವ ಕಡೆ ಹತ್ತಿರದಿಂದ ಬೇಡ. ಆಯಿಲ್ ಜಿಡ್ಡು ಇದ್ದರೆ ಡಿಗ್ರೀಸರ್ ಹಚ್ಚಿ ತೊಳೆಯಿರಿ. ನಂತರ ಎರಡು ಪೂರ್ತಿ ದಿನ ಒಣಗಲು ಬಿಡಿ. ನಮ್ಮವರು ಅವಸರ ಪಡುವುದು ಇಲ್ಲೇ. ಮೇಲೆ ಒಣಗಿರುತ್ತದೆ, ಎರಡು ತಗಡಿನ ನಡುವೆ ಒಣಗಿರುವುದಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ಸುಲಿದ ಬೀಜ) ಹದವಾಗಿ ಒಣಗುವ ಮುಂಚೆ ಚೀಲಕ್ಕೆ ತುಂಬಿದರೆ ಒಳಗೇ ಬೂಸ್ಟು ಹಿಡಿಯುವುದು ನಿಮಗೆ ಗೊತ್ತಲ್ವಾ, ಇಲ್ಲೂ ಹಾಗೇ.

ಒಣಗಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಸತ್ತಿದ್ದರೆ ಬದ್ ಬದ್ ಅಂತ ಮಂಕು ಸದ್ದು. ಮಂಕು ಸದ್ದು ಬಂದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಅದು ವೆಲ್ಡಿಂಗ್ ಮಾಡುವವರ ಪಾಲು. ಉಳಿದ ಕಡೆ ಸಡಿಲ ತುಕ್ಕನ್ನು ವೈರ್ ಬ್ರಷ್ ಮತ್ತು ಉಪ್ಪು ಕಾಗದದಲ್ಲಿ ಉಜ್ಜಿ ತೆಗೆಯಿರಿ. ಪೆಟ್ರೋಲ್ ಟ್ಯಾಂಕು, ಅದರ ಪೈಪಿನ ಹತ್ತಿರ ಮಾತ್ರ ಡ್ರಿಲ್‌ಗೆ ಹಾಕುವ ಬ್ರಷ್ ಬೇಡ, ಕಿಡಿ ಹಾರುತ್ತದೆ. ಅಲ್ಲಿ ಕೈಯಲ್ಲೇ ಉಜ್ಜಿ.

ತುಕ್ಕು ಕಚ್ಚಿಕೊಂಡು ಉಳಿದ ಜಾಗಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ. ಅದರಲ್ಲಿ ಟ್ಯಾನಿಕ್ ಆಸಿಡ್ ಅಥವಾ ಫಾಸ್ಫೊರಿಕ್ ಆಸಿಡ್ ಇರುತ್ತದೆ, ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಎಪಾಕ್ಸಿ ಪ್ರೈಮರ್ ತೆಳ್ಳಗೆ ಎರಡು ಸಲ ಹೊಡೆಯಿರಿ. ಮನೆಯ ಗ್ರಿಲ್‌ಗೆ ಹಚ್ಚುವ ರೆಡ್ ಆಕ್ಸೈಡ್ ಉಳಿದಿದ್ದರೆ ಅದನ್ನೂ ಬಳಸಬಹುದು. ಆದರೆ ಅದನ್ನು ಹಾಗೇ ಬಿಡಬಾರದು, ಅದು ನೀರು ಹೀರುತ್ತದೆ, ಮೇಲೆ ಚಾಸಿ ಪೇಂಟ್ ಬೇಕೇ ಬೇಕು.

ಕೊನೆಯ ಪದರಕ್ಕೆ ನಾನು ಟಾರಿಗಿಂತ ವ್ಯಾಕ್ಸ್ ಅಥವಾ ಲ್ಯಾನೊಲಿನ್ ಕೋಟಿಂಗನ್ನೇ ಹೇಳುತ್ತೇನೆ. ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು. ಇವು ಮೆತ್ತಗೇ ಇರುತ್ತವೆ, ಬಿರುಕು ಬಿಡುವುದಿಲ್ಲ, ಸಣ್ಣ ಗೀರು ಬಿದ್ದರೆ ತಾವೇ ಹರಿದು ಮುಚ್ಚಿಕೊಳ್ಳುತ್ತವೆ. ತೊಂದರೆ ಏನೆಂದರೆ ಕಲ್ಲು, ನೀರಿನ ಹೊಡೆತಕ್ಕೆ ಸವೆಯುತ್ತವೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಕಲ್ಲು ಸಿಡಿಯುವ ಮಡ್‌ಗಾರ್ಡಿನ ಒಳಮೈಗೆ ಬೇಕಾದರೆ ರಬ್ಬರ್ ಕೋಟಿಂಗ್ ಇರಲಿ, ಆದರೆ ಶುದ್ಧ ತಗಡಿನ ಮೇಲೆ, ಪ್ರೈಮರ್ ಆದ ಮೇಲೆ.

ಟೊಳ್ಳು ಜಾಗಗಳನ್ನು ಮರೆಯಬೇಡಿ, ನಿಜವಾದ ಕೆಲಸ ಅಲ್ಲೇ ಇರುವುದು. ರಬ್ಬರ್ ಬಿರಡೆ ತೆಗೆದು, ಉದ್ದ ಪೈಪ್ ಇರುವ ಕ್ಯಾವಿಟಿ ವ್ಯಾಕ್ಸ್ ಡಬ್ಬಿಯನ್ನು ಒಳಗೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಹೊಡೆಯಿರಿ. ಬೆಳಗ್ಗೆ ಚಳಿ ಇದ್ದರೆ ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಒಲೆಯ ಹತ್ತಿರ ಬೇಡ. ಎಲ್ಲಾ ಆದ ಮೇಲೆ ಒಂದು ತಂತಿ ತೆಗೆದುಕೊಂಡು ನೀರಿಳಿಯುವ ತೂತುಗಳನ್ನು ಮತ್ತೆ ಬಿಡಿಸಿ.

ಯಾವುದಕ್ಕೆ ಹೊಡೆಯಬಾರದು ಅಂತಲೂ ಗೊತ್ತಿರಲಿ. ಬ್ರೇಕ್ ಡಿಸ್ಕ್, ಡ್ರಮ್, ಸೈಲೆನ್ಸರ್ ಮತ್ತು ಅದರ ಪೂರ್ತಿ ಪೈಪು, ಸೆನ್ಸರ್, ತಿರುಗುವ ಶಾಫ್ಟ್, ಶಾಕ್ ಅಬ್ಸಾರ್ಬರಿನ ಹೊಳೆಯುವ ಕಡ್ಡಿ, ರಬ್ಬರ್ ಬುಷ್. ಇವನ್ನು ಮೊದಲೇ ಪ್ಲಾಸ್ಟಿಕ್ ಮತ್ತು ಟೇಪಿನಲ್ಲಿ ಮುಚ್ಚಿ. ಸೈಲೆನ್ಸರಿಗೆ ಬಿದ್ದ ವ್ಯಾಕ್ಸ್ ಬಿಸಿಗೆ ಹೊಗೆಯಾಡುತ್ತದೆ, ಬೆಂಕಿಯೂ ಹತ್ತಬಹುದು. ಬ್ರೇಕಿಗೆ ಬಿದ್ದರೆ ಕಾರು ನಿಲ್ಲುವುದಿಲ್ಲ.

ಪ್ರಶ್ನೆ (ಸೋಮವಾರಪೇಟೆ): ನಮ್ಮ ಅಪ್ಪ ಜೀಪಿಗೆ ಪ್ರತಿ ಮೇ ತಿಂಗಳು ಹಳೇ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಚಾಸಿಗೆ ಹೊಡೆಸುತ್ತಿದ್ದರು. ಆ ಜೀಪು ಇವತ್ತಿಗೂ ಗಟ್ಟಿ ಇದೆ. ಅದೇ ಸಾಕಲ್ವಾ?

ಉತ್ತರ: ಅಪ್ಪ ಮಾಡಿದ್ದರಲ್ಲಿ ಅರ್ಥ ಇತ್ತು. ಎಣ್ಣೆ ಇದ್ದ ಕಡೆ ನೀರು ಕೂರುವುದಿಲ್ಲ. ಕೈಲ್‌ಪೊಳ್ದ್‌ಗೆ (ನಮ್ಮ ಆಯುಧ ಪೂಜೆಯ ಹಬ್ಬಕ್ಕೆ) ಕೋವಿ ಒರೆಸಿ ಎಣ್ಣೆ ಹಚ್ಚುವ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಜೀಪಿನ ಚಾಸಿಯ ತಗಡೂ ಈಗಿನ ಕಾರಿನದಕ್ಕಿಂತ ತುಂಬಾ ದಪ್ಪ.

ಆದರೂ ಬೇಡ ಅಂತಲೇ ನಾನು ಹೇಳುವುದು. ಓಡಿದ ಎಂಜಿನ್ ಆಯಿಲಿನಲ್ಲಿ ಆಸಿಡ್ ಸೇರಿರುತ್ತದೆ, ಸವೆದ ಲೋಹದ ಹುಡಿ ಇರುತ್ತದೆ. ಬುಷ್ ಉಬ್ಬಿ ಹಾಳಾಗುತ್ತದೆ. ಚರ್ಮಕ್ಕೆ ಪದೇ ಪದೇ ತಾಗಿದರೆ ಕ್ಯಾನ್ಸರಿನ ಭಯ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಜೋರು ಮಳೆಗೆ ಅದು ತೊಟ್ಟಿಕ್ಕಿ ತೋಟಕ್ಕೆ, ತೋಡಿಗೆ ಹೋಗುತ್ತದೆ. ನಮ್ಮ ತೋಡುಗಳ ನೀರು ಹೆಚ್ಚಿನದು ಸೇರುವುದು ಕಾವೇರಿಗೆ. ಆ ನೀರನ್ನು ಕುಡಿಯುವವರು ಕೆಳಗೆ ಎಷ್ಟೋ ಜನ ಇದ್ದಾರೆ. ಲ್ಯಾನೊಲಿನ್ ಅದೇ ಕೆಲಸವನ್ನು ಈ ಹಾನಿ ಇಲ್ಲದೆ ಮಾಡುತ್ತದೆ. ಹಳೇ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಸಂಗ್ರಹಿಸುವವರು ಒಯ್ಯುತ್ತಾರೆ.

ಪ್ರಶ್ನೆ (ಸಿದ್ದಾಪುರ): ಮೇಸ್ತ್ರಿ, ನಮ್ಮ ಪಿಕಪ್ ಬರೀ ನಾಲ್ಕು ವರ್ಷದ್ದು. ಹಿಂದಿನ ತೊಟ್ಟಿಯ ಅಡಿ ಮತ್ತು ಅದರ ಕೆಳಗಿನ ಚಾಸಿ ಮಾತ್ರ ಜಾಸ್ತಿ ತುಕ್ಕು. ಮುಂದೆ ಏನೂ ಇಲ್ಲ. ಯಾಕೆ ಹೀಗೆ?

ಉತ್ತರ: ತೊಟ್ಟಿಯಲ್ಲಿ ಏನು ಹೇರುತ್ತೀರಿ ಹೇಳಿ ನೋಡೋಣ. ಗೊಬ್ಬರ, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಅಲ್ವಾ?

ಪೊಟ್ಯಾಷ್ ಅಂತ ನಾವು ತರುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಹತ್ತಿರದ ನೆಂಟ. ಚೀಲದಿಂದ ಒಂದು ಹಿಡಿ ಉದುರಿ, ಮಳೆ ನೀರಿಗೆ ಕರಗಿ ಕೆಳಗಿಳಿದರೆ ಸಮುದ್ರದ ಬದಿಯಲ್ಲಿ ಗಾಡಿ ನಿಲ್ಲಿಸಿದ ಹಾಗೇ ಆಯಿತು. ಮೈಲುತುತ್ತ ಇನ್ನೂ ಕೆಟ್ಟದ್ದು. ಮೈಲುತುತ್ತ, ಸುಣ್ಣ ಸೇರಿಸಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಮೇಲೆ ಹದ ನೋಡಲು ಕತ್ತಿ ಅದ್ದುತ್ತೀರಲ್ಲ. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಎಲ್ಲಿಂದ ಬಂತು? ಕತ್ತಿಯ ಕಬ್ಬಿಣ ಸ್ವಲ್ಪ ಕರಗಿ ನೀರಿಗೆ ಹೋಯಿತು, ಅದರ ಜಾಗಕ್ಕೆ ತಾಮ್ರ ಬಂದು ಕೂತಿತು. ನಿಮ್ಮ ತೊಟ್ಟಿಯ ಅಡಿಯಲ್ಲಿ ಇದೇ ನಡೆಯುತ್ತಿದೆ. ಕೂತ ತಾಮ್ರ ಸುತ್ತಲಿನ ಕಬ್ಬಿಣವನ್ನು ಮತ್ತಷ್ಟು ಬೇಗ ತಿನ್ನಿಸುತ್ತದೆ.

ಗೊಬ್ಬರ ಹೇರುವ ದಿನ ದಪ್ಪ ಟಾರ್ಪಾಲ್ ಹಾಸಿ, ಅಂಚು ಮೇಲಕ್ಕೆ ಮಡಚಿ. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿ ತನ್ನಿ. ಅದೇ ಸಂಜೆ ತೊಟ್ಟಿ ತೊಳೆಯಿರಿ, ಚಾಸಿಗೂ ಕೆಳಗಿನಿಂದ ನೀರು ಹೊಡೆಯಿರಿ. ನಾಳೆ ಅಂತ ಬಿಡಬೇಡಿ. ಮಂಗಳೂರಿಗೆ ಹೋಗಿ ಕಡಲ ತೀರದಲ್ಲಿ ಕಾರು ನಿಲ್ಲಿಸಿ ಬಂದವರಿಗೂ ಇದೇ ಮಾತು.

ಪ್ರಶ್ನೆ (ವಿರಾಜಪೇಟೆ): ಅಣ್ಣಾ, ನಮ್ಮ ಕಾರಿನ ಎಡಗಡೆ ಮ್ಯಾಟ್ ಯಾವಾಗಲೂ ಒದ್ದೆ, ಮುಗ್ಗಲು ವಾಸನೆ. ಗಾಜು ಏರಿಸಿಯೇ ಇರುತ್ತೇನೆ. ಅಡಿಗೆ ಕೋಟಿಂಗ್ ಹೊಡೆಸಿದರೆ ನೀರು ನಿಲ್ಲುತ್ತದಾ?

ಉತ್ತರ: ಇಲ್ಲ ಅಕ್ಕಾ. ನೀರು ಕೆಳಗಿನಿಂದ ಬರುತ್ತಿಲ್ಲ ಅಂತ ಕಾಣುತ್ತದೆ. ಕಾರು ಸಿಲ್ವರ್ ಓಕ್ ಮರದ ಅಡಿಯಲ್ಲಿ ನಿಲ್ಲಿಸುತ್ತೀರಾ? ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ನೋಡಿ. ಎಲೆ ಬಿದ್ದು ಕೊಳೆತು, ನೀರು ಹೋಗುವ ದಾರಿ ಕಟ್ಟಿರುತ್ತದೆ. ಆ ನೀರು ಗಾಳಿ ಬರುವ ದಾರಿಯಲ್ಲಿ ಒಳಗಿಳಿದು ಮ್ಯಾಟಿನ ಕೆಳಗಿನ ಸ್ಪಂಜಿಗೆ ಸೇರುತ್ತದೆ. ಸ್ಪಂಜು ಮೂರು ತಿಂಗಳು ಒದ್ದೆ ಇದ್ದರೆ ನೆಲದ ತಗಡು ಮೇಲಿನಿಂದ ತುಕ್ಕು ಹಿಡಿಯುತ್ತದೆ. ಅಡಿಯಲ್ಲಿ ಎಷ್ಟು ಕೋಟಿಂಗ್ ಇದ್ದರೂ ಪ್ರಯೋಜನ ಇಲ್ಲ. ಎಲೆ ತೆಗೆದು ಒಂದು ಚೊಂಬು ನೀರು ಸುರಿಯಿರಿ, ಅದು ಚಕ್ರದ ಹಿಂದೆ ಸರಾಗವಾಗಿ ಬೀಳಬೇಕು. ನಂತರವೂ ಒಳಗೆ ಒದ್ದೆಯಾದರೆ ಏಸಿ ನೀರಿನ ಪೈಪು, ಬಾಗಿಲ ರಬ್ಬರು ತೋರಿಸಿ. ಮ್ಯಾಟು, ಸ್ಪಂಜು ಎರಡನ್ನೂ ಹೊರಗೆ ತೆಗೆದು ಬಿಸಿಲಿಗೆ ಹಾಕಿ.

ಪ್ರಶ್ನೆ (ಕುಶಾಲನಗರ): ಹೊಸ ಕಾರು ತಗೊಂಡೆ. ಶೋರೂಮಿನಲ್ಲಿ ಕೋಟಿಂಗಿಗೆ ಬೇರೆ ದುಡ್ಡು ಕೇಳುತ್ತಿದ್ದಾರೆ. ಬೇಕಾ?

ಉತ್ತರ: ಅವಸರ ಬೇಡ. ಕಾರ್ಖಾನೆಯಲ್ಲೇ ಪ್ರೈಮರ್ ಮತ್ತು ಸೀಲಂಟ್ ಹಾಕಿರುತ್ತಾರೆ. ಮಡಿಕೇರಿ ಕಡೆ ಬೀಳುವ ಮಳೆಗೆ ಹೋಲಿಸಿದರೆ ನಿಮ್ಮ ಕಡೆ ಬೀಳುವುದು ತುಂಬಾ ಕಡಿಮೆ. ಮಾಡಿಸುವುದೇ ಆದರೆ ಎರಡು ಮಾತು ಕೇಳಿ: ಟೊಳ್ಳು ಜಾಗದ ಒಳಗೂ ವ್ಯಾಕ್ಸ್ ಹೊಡೆಯುತ್ತೀರಾ? ನೀರಿಳಿಯುವ ತೂತು ಬಿಟ್ಟು ಹೊಡೆಯುತ್ತೀರಾ? ಸರಿಯಾದ ಉತ್ತರ ಬರದಿದ್ದರೆ ಸುಮ್ನೆ ಬಂದುಬಿಡಿ.

ಪ್ರಶ್ನೆ (ಪೊನ್ನಂಪೇಟೆ): ತುಕ್ಕು ತೆಗೆಯಲು ಕಾಚಂಪುಳಿ (ನಾವು ಅಡುಗೆಗೆ ಹಾಕುವ ಕಪ್ಪು ಹುಳಿ) ಆಗುತ್ತದಾ? ಹಳೇದು ಒಂದು ಬಾಟಲಿ ಇದೆ.

ಉತ್ತರ: ಬಿಚ್ಚಿ ತೆಗೆಯಬಹುದಾದ ನಟ್ಟು, ಬೋಲ್ಟಿಗೆ ಆಗುತ್ತದೆ, ಯಾವ ಹುಳಿಯೂ ಆಗುತ್ತದೆ. ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಅಥವಾ ಪ್ರೈಮರ್ ಹಚ್ಚಿ. ಚಾಸಿಗೆ ಮಾತ್ರ ಬೇಡ. ಎರಡು ತಗಡಿನ ನಡುವೆ ಹೋದ ಹುಳಿಯನ್ನು ತೊಳೆದು ತೆಗೆಯಲು ಆಗುವುದಿಲ್ಲ, ಅದು ಒಳಗೇ ಕೂತು ತಿನ್ನುತ್ತದೆ.

ನಾಪೋಕ್ಲಿನವರು ಮತ್ತೆ: ಅಣ್ಣಾ, ನೀವು ಹೇಳಿದ ಹಾಗೆ ಇವತ್ತು ತೊಳೆದು ತಟ್ಟಿ ನೋಡಿದೆ. ಎಡಗಡೆ ಎರಡು ಕಡೆ ಮಂಕು ಸದ್ದು. ಬಲಗಡೆ ಎಲ್ಲಾ ಟಣ್ ಅಂತು. ಆದರೆ ಬಲಗಡೆ ತೂತಿಗೆ ತಂತಿ ಹಾಕಿ ತಿರುಗಿಸಿದಾಗ ಮೊದಲು ಮಣ್ಣಿನ ಬಿರಡೆ ಬಿತ್ತು, ಆಮೇಲೆ ಅರ್ಧ ಲೋಟದಷ್ಟು ಕೆಂಪು ನೀರು ಸುರಿಯಿತು. ಈಗಲೇ ವ್ಯಾಕ್ಸ್ ಹೊಡೆದುಬಿಡಲಾ?

ಉತ್ತರ: ಈಗ ಬೇಡ, ಸರ್. ಬಲಗಡೆ ಉಳಿದುಕೊಂಡಿದೆ, ನನಗೆ ತುಂಬಾ ಖುಷಿಯಾಯಿತು. ಆ ತೂತಿನಿಂದ ಶುದ್ಧ ನೀರು ಬರುವವರೆಗೆ ಮೇಲಿನ ಬಿರಡೆಯ ದಾರಿಯಲ್ಲಿ ನಿಧಾನಕ್ಕೆ ನೀರು ಬಿಟ್ಟು ತೊಳೆಯಿರಿ. ಎಲ್ಲಾ ಬಿರಡೆ ತೆಗೆದಿಟ್ಟು, ಕಾರನ್ನು ಮೂರು ದಿನ ಬಿಸಿಲಿಗೆ ನಿಲ್ಲಿಸಿ. ಮೇಲೆ ಕವರ್ ಹಾಕಬೇಡಿ. ಕೂದಲು ಒಣಗಿಸುವ ಡ್ರೈಯರ್ ಮನೆಯಲ್ಲಿದ್ದರೆ ಒಂದು ಕಡೆಯಿಂದ ಗಾಳಿ ಬಿಡಿ, ಇನ್ನೊಂದು ಕಡೆ ಅಂಗೈ ಹಿಡಿದು ನೋಡಿ. ತಣ್ಣಗಿನ ತೇವದ ಗಾಳಿ ಬಂದರೆ ಇನ್ನೂ ಒಂದು ದಿನ ಕಾಯಿರಿ. ಎಡಗಡೆ ವೆಲ್ಡಿಂಗ್ ಮೊದಲು ಆಗಲಿ. ವ್ಯಾಕ್ಸ್ ಇರುವ ಕಡೆ ವೆಲ್ಡ್ ಮಾಡಿದರೆ ಬೆಂಕಿ ಹತ್ತುತ್ತದೆ. ವೆಲ್ಡ್ ಮಾಡುವವರಿಗೆ ಬ್ಯಾಟರಿ ವೈರ್ ಬಿಚ್ಚಲು ಹೇಳಿ. ಹಳೇ ತಗಡನ್ನು ಪೂರ್ತಿ ಕತ್ತರಿಸದೆ ಅದರ ಮೇಲೆಯೇ ಹೊಸ ತುಂಡು ಅಂಟಿಸಲು ಹೊರಟರೆ ಒಪ್ಪಬೇಡಿ. ಕತ್ತರಿಸಿದ ಮೇಲೆ, ಮುಚ್ಚುವ ಮುಂಚೆ, ಒಳಗಿನ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಎಷ್ಟು ದೂರ ಕತ್ತರಿಸಬೇಕು ಅಂತ ನೋಡಿ ಹೇಳುತ್ತೇನೆ.